ಕೆಂಪು ವೃತ್ತದ ಜಾಡಿಗಳು

ಎಗೊನ್ ಆ ಗುರುವಾರವೂ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೇ ಸಾಸಿವೆ ಅಂಗಡಿಯೊಳಗೆ ನುಸುಳಿದ. ಗೆಳೆಯರು ಕಂಡರೆ ಮಾನ ಹೋಗುತ್ತಿತ್ತು.

"ಆರು ಜಾಡಿ," ಎಂದ.

"ಮತ್ತೆ ಆರಾ? ಮನೇಲಿ ಎಷ್ಟು ಜನ ಇದೀರಿ?" ಅಂಗಡಿಯ ಒಡತಿ ಹೆಡ್ವಿಗ್ ಕೇಳಿದಳು.

"ನಾನೊಬ್ನೇ. ಸಾಸಿವೆ ಗೊಜ್ಜು ಅಂದ್ರೆ ಪ್ರಾಣ."

ಹಸಿ ಸುಳ್ಳು. ಡೆಸಾವು ಊರಿನ ವಿನ್ಯಾಸ ಶಾಲೆಯ ವಿದ್ಯಾರ್ಥಿಯಾದ ಅವನು ಎರಡು ತಿಂಗಳ ಹಿಂದೆ ಜಾಡಿಗಳಿಗೆಂದು ತಾನೇ ಬರೆದ ಹೊಸ ಲೇಬಲ್ಲಿನ ಚಿತ್ರ ಹಿಡಿದು ಇಲ್ಲಿಗೆ ಬಂದಾಗ, ಅವಳು ಒಂದು ಚಮಚ ಗೊಜ್ಜು ರುಚಿಗೆ ಕೊಟ್ಟಿದ್ದಳು. ಘಾಟು ನೆತ್ತಿಗೇರಿ, ಮಿಕ್ಕ ಮಾತನ್ನೆಲ್ಲ ಅವನು ಅಳುತ್ತಲೇ ಮುಗಿಸಿದ್ದ.

ಹಳೆಯ ಲೇಬಲ್ಲಿನಲ್ಲಿ ಸೌಟು ಹಿಡಿದ ಅವಳ ಅಜ್ಜಿಯ ಚಿತ್ರವಿತ್ತು. ಹೊಸದರಲ್ಲಿ ಕೆಂಪು ವೃತ್ತ, ಕಪ್ಪು ಪಟ್ಟಿ, ಹಳದಿ ತ್ರಿಕೋನ, ಅಷ್ಟೇ.

"ನಮ್ಮಜ್ಜಿ ಎಲ್ಲಿ?" ಎಂದು ಕೇಳಿದ್ದಳು.

"ಈ ವೃತ್ತಾನೇ ಅಜ್ಜಿ. ತ್ರಿಕೋನ ಅಂದ್ರೆ ಘಾಟು."

"ಅಜ್ಜಿ ದುಂಡಗಿದ್ದದ್ದೇನೋ ನಿಜ," ಎಂದು ಹೆಡ್ವಿಗ್ ನಕ್ಕಿದ್ದಳು. "ಎರಡು ತಿಂಗಳು ನೋಡ್ತೀನಿ. ಮಾರಾಟ ಆಗ್ದಿದ್ರೆ ಅಜ್ಜಿ ವಾಪಸ್ ಬರ್ತಾಳೆ."

ಮೊದಲ ವಾರವೇ ಅಂಗಡಿಯೆದುರು ಇಬ್ಬರು ಹೆಂಗಸರು, "ಇದೇನು, ಗೋಡೆಗೆ ಹಚ್ಚೋ ಬಣ್ಣಾನಾ?" ಎಂದು ಆಡಿಕೊಂಡದ್ದು ಅವನ ಕಿವಿಗೆ ಬಿತ್ತು. ಅಂದೇ ಆರು ಜಾಡಿ ಕೊಂಡ. ಆಮೇಲೆ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಲೇಬಲ್ ಉಳಿಯಲಿ ಎಂದು ಕೊಳ್ಳುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೂ ಬುಧವಾರವೇ ಅಂಗಿಗೆ ಇಸ್ತ್ರಿ ಹಾಕಿಡುತ್ತಿದ್ದ.

ಅವನು ಬರುವ ಹೊತ್ತಿಗೆ ಸಾಸಿವೆ ಜಾಡಿಗಳ ಗೂಡು ಯಾವಾಗಲೂ ಬರಿದಾಗಿರುತ್ತಿತ್ತು. ಇಂದೂ ಹಾಗೆಯೇ. ಹೆಡ್ವಿಗ್ ಬಗ್ಗಿ ಮೇಜಿನ ಕೆಳಗಿನಿಂದ ಆರು ಜಾಡಿ ಎತ್ತಿಟ್ಟಳು. ಕೊಳ್ಳುವವರಿಲ್ಲದೆ ಪಾಪ ಬಚ್ಚಿಟ್ಟಿದ್ದಾಳೆ ಎಂದು ಎಗೊನ್ ಮರುಗಿದ.

"ಹೋದ ವಾರದ್ದು ಹೇಗಿತ್ತು?"

"ಭಾರೀ ಘಾಟು. ಕಣ್ಣಲ್ಲಿ ನೀರು ಬಂತು."

"ಹೌದಾ." ಅವಳು ಅವನನ್ನೇ ದಿಟ್ಟಿಸಿದಳು. "ಎಲ್ಲಾ ಆರೂ ಮುಗೀತಾ?"

"ಬೆರಳಲ್ಲಿ ಬಳಿದು ತಿಂದೆ."

"ಈ ಸಲ ನಿಜವಾಗ್ಲೂ ಮುಚ್ಚಳ ತೆಗೆದು ನೋಡಿ," ಎಂದಳು ಹೆಡ್ವಿಗ್. ದನಿಯಲ್ಲಿ ಸಣ್ಣ ಬೇಸರವಿತ್ತು. ನಾಳೆಗೆ ಎರಡು ತಿಂಗಳು ತುಂಬುತ್ತದೆ. ಅಜ್ಜಿ ವಾಪಸಾಗುವುದು ಖಂಡಿತ ಎಂದುಕೊಂಡು ಅವನು ಕಾಲೆಳೆಯುತ್ತ ಮನೆ ಸೇರಿದ.

ಅಡುಗೆಮನೆಯಲ್ಲಿ, ಅವನು ಬಾಡಿಗೆಗಿದ್ದ ಮನೆಯ ಒಡತಿ ಝಾಬೆಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನ ಮಂಚದ ಕೆಳಗಿದ್ದ ನಲವತ್ತೆರಡು ಜಾಡಿಗಳೂ ಮೇಜಿನ ಮೇಲಿದ್ದವು.

"ಗುಡಿಸೋಕೆ ಹೋದ್ರೆ ಇದೇನ್ರೀ, ದಂಡಿಗೆ ದಿನಸಿನಾ? ಊಟಕ್ಕೆ ಸಾಸೇಜ್ ಬೇಯ್ಸಿದ್ದೆ, ಕೇಳದೆ ಒಂದು ಜಾಡಿ ತೆಗೆದೆ. ತಪ್ಪಾಯ್ತು."

"ಪರವಾಗಿಲ್ಲಮ್ಮ."

"ಆಮೇಲೆ ಇನ್ನೊಂದು ತೆಗೆದೆ. ಆಮೇಲೆ ಎಲ್ಲಾನೂ."

"ಎಲ್ಲಾನೂ?"

"ಮತ್ತಿನ್ನೇನ್ರೀ. ಆರರಲ್ಲಿ ಮಾತ್ರ ಸಾಸಿವೆ ಇದೆ. ಮಿಕ್ಕ ಮೂವತ್ತಾರರಲ್ಲೂ ಪ್ಲಮ್ ಜಾಮು." ಅವಳು ಜಾಮು ಮೆತ್ತಿದ ಚೀಟಿಗಳ ಕಟ್ಟನ್ನು ಅವನ ಕೈಗಿಟ್ಟಳು. "ಒಂದೊಂದು ಮುಚ್ಚಳದೊಳಗೂ ಇದು. ಮೊದಮೊದಲು 'ದಯವಿಟ್ಟು' ಅಂತಿದೆ. ಬರ್ತಾ ಬರ್ತಾ ಅದೂ ಇಲ್ಲ."

ಎಗೊನ್ ಮೇಲಿನದನ್ನು ಓದಿದ: "ನಿಮ್ಮ ಲೇಬಲ್ ಬಂದಮೇಲೆ ಸಾಸಿವೆ ದಿನಾ ಮಧ್ಯಾಹ್ನಕ್ಕೇ ಖಾಲಿ, ನೀವು ಕಷ್ಟಪಟ್ಟು ಕೊಳ್ಳಬೇಕಿಲ್ಲ, ಭಾನುವಾರ ಕಾಫಿಗೆ ಬನ್ನಿ."