ಒದ್ದೆ ಹೆಂಗಸಿನ ಕೂಸು

ಅಳು ಕೇಳಿದ್ದೇ ತಡ, ಯೋನೆಯ ಎದೆಯಲ್ಲಿ ಹಾಲು ಒಸರಿತು. ಹೆತ್ತ ಮಗು ಹೆಸರಿಡುವ ಶಾಸ್ತ್ರಕ್ಕೂ ಮೊದಲೇ ಕಣ್ಣು ಮುಚ್ಚಿ ಇನ್ನೂ ತಿಂಗಳು ತುಂಬಿರಲಿಲ್ಲ. ಬಂಡೆಗೆ ಕಚ್ಚಿದ್ದ ಕಡಲಪಾಚಿಯನ್ನು ಕೆರೆಯುತ್ತಿದ್ದವಳು ತಲೆಯೆತ್ತಿ ನೋಡಿದಳು. ಅಲೆ ಬಡಿಯುವ ಅಂಚಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸೊಂಟದವರೆಗೆ ಇಳಿಬಿದ್ದ ಅವಳ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತೋಳಿನಲ್ಲಿ ಬಟ್ಟೆ ಸುತ್ತಿದ ಕೂಸು.

“ಅಕ್ಕಾ, ಒಂದ್ಗಳಿಗೆ ಇದನ್ನ ಹಿಡ್ಕೊಂಡಿರ್ತೀಯಾ? ಎತ್ಕೊಂಡು ಎತ್ಕೊಂಡು ತೋಳು ಸೋತುಹೋಯ್ತು.”

ಇವಾಮಿಯ ಕಡಲ ದಂಡೆಯಲ್ಲಿ ಹುಟ್ಟಿದ ಹೆಣ್ಣಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇವಳು ಒದ್ದೆ ಹೆಂಗಸು, ನುರೆ-ಓನ್ನಾ. ಇವಳ ಕೂಸನ್ನು ಎತ್ತಿಕೊಂಡರೆ ಅದು ಕಲ್ಲಾಗಿ ಕೈಗೆ ಅಂಟಿಕೊಳ್ಳುತ್ತದೆ. ಬೆನ್ನಿಗೇ ಕಡಲಿನೊಳಗಿಂದ ಎತ್ತಿನ ತಲೆಯ ರಕ್ಕಸ, ಉಶಿ-ಓನಿ, ಎತ್ತಿಕೊಂಡವರನ್ನು ತಿನ್ನಲು ಎದ್ದು ಬರುತ್ತದೆ. ಅದಕ್ಕೇ ಇಲ್ಲಿಯವರು ಕೈಗವಸು ತೊಡದೆ ದಂಡೆಗೆ ಇಳಿಯುವುದಿಲ್ಲ. ತೊಟ್ಟಿದ್ದರೆ ಕೂಸಿನ ಸಮೇತ ಅದನ್ನು ಕಳಚಿ ಎಸೆದು ಓಡಬಹುದು. ಆದರೆ ಪಾಚಿ ಬಟ್ಟೆಯ ಬೆರಳಿಗೆ ಸಿಕ್ಕದೆ ಜಾರುತ್ತದೆಂದು ಯೋನೆ ಆಗಲೇ ಕೈಗವಸು ಬಿಚ್ಚಿಟ್ಟಿದ್ದಳು.

ಅತ್ತೆ ಫುಸಾ ಬಂಡೆಯ ಆಚೆ ಬದಿಗಿದ್ದಳು. ಅವಳ ಬಾಯಿಗೆ ಬೆಳಗಿನಿಂದ ಬಿಡುವೇ ಇರಲಿಲ್ಲ. “ಬೇಗ ಬೇಗ ಕೆರಿಯೇ, ಕಡಲು ನೋಡ್ತಾ ಕೂತ್ರೆ ಪಾಚಿ ತಾನೇ ಬಂದು ಬುಟ್ಟೀಲಿ ಕೂರತ್ತಾ? ಹೋಗಿದ್ದು ಹೋಯ್ತು. ಇನ್ನೊಂದು ಆಗತ್ತೆ.” ಮಗುವನ್ನು ಹೂತು ಬಂದ ದಿನದಿಂದ ಅದರ ಮಾತನ್ನು ಅವಳು ಅಷ್ಟಕ್ಕೇ ಮುಗಿಸುತ್ತಿದ್ದಳು.

ಅವಳನ್ನು ಕೂಗಬೇಕೆಂದು ಯೋನೆ ಬಾಯಿ ತೆರೆದಳು. ಅಷ್ಟರಲ್ಲಿ ಬಟ್ಟೆಯೊಳಗಿಂದ ಪುಟ್ಟ ಮುಷ್ಟಿಯೊಂದು ಹೊರಗೆ ಬಂದು ಗಾಳಿಯಲ್ಲಿ ತಡಕಾಡಿತು. ಅವಳು ಕೈಯೊಡ್ಡಿಬಿಟ್ಟಳು.

ಕೂಸು ಬೆಚ್ಚಗಿತ್ತು. ನೆತ್ತಿಯಲ್ಲಿ ಎಳೆಮಕ್ಕಳ ವಾಸನೆಯೇ ಇತ್ತು. ಬಾಯಿ ಅವಳ ಎದೆಯನ್ನು ಹುಡುಕಿತು. ಕಿಮೋನೋದ ಮಡಿಕೆಯನ್ನು ಸರಿಸುತ್ತಾ ಯೋನೆ ಕಣ್ಣು ಮುಚ್ಚಿದಳು. ತೆರೆದಾಗ ಒದ್ದೆ ಹೆಂಗಸು ನಗುತ್ತಾ ಹಿಂದಕ್ಕೆ ಜಾರಿ ನೀರಿಗಿಳಿಯುತ್ತಿದ್ದಳು. ಅವಳಿಗೆ ಕಾಲುಗಳಿರಲಿಲ್ಲ. ಸೊಂಟದ ಕೆಳಗೆ ಹಾವಿನ ಮೈ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತಿತ್ತು.

ಮೊದಲು ಅಕ್ಕಿಯ ಮೂಟೆಯಷ್ಟು ಭಾರ. ಆಮೇಲೆ ಒರಳುಕಲ್ಲಿನಷ್ಟು. ಯೋನೆಯ ಮಂಡಿ ಮರಳಿಗೆ ಕುಸಿಯಿತು. ಎದೆಗೆ ಒತ್ತಿದ್ದ ಕೆನ್ನೆ ತಣ್ಣಗೆ, ಒರಟಾಗಿ, ಕಲ್ಲೇ ಆಯಿತು. ಅಳು ಮಾತ್ರ ನಿಲ್ಲಲಿಲ್ಲ. ದೂರದಲ್ಲಿ ನೀರು ಉಬ್ಬಿ ಸೀಳಿ ಎರಡು ಕೊಂಬುಗಳು ಮೇಲೆ ಬಂದವು. ಕೊಳೆತ ಮೀನಿನ ನಾತ ದಂಡೆಗೆ ಬಡಿಯಿತು.

“ಅತ್ತೇ!”

ಫುಸಾ ಓಡಿ ಬಂದಳು. ಕಂಡದ್ದನ್ನು ಕಂಡು ಒಂದು ಕ್ಷಣ ನಿಂತೇಬಿಟ್ಟಳು. ಆಮೇಲೆ ಸೊಸೆಯ ಮುಂಗೈ ಹಿಡಿದು ಜಗ್ಗತೊಡಗಿದಳು.

“ಬಿಸಾಕೇ ಅದನ್ನ! ಬಿಸಾಕು!”

“ಬಿಡಕ್ಕಾಗ್ತಿಲ್ಲ ಅತ್ತೆ.”

“ಬಿಡಕ್ಕಾಗ್ತಿಲ್ವೋ, ಬಿಡಕ್ಕೆ ಮನಸಿಲ್ವೋ?”

ಯೋನೆ ಕೂಸಿನ ಮೇಲೆ ಇನ್ನಷ್ಟು ಬಾಗಿದಳು. “ಹಸಿದಿದೆ ಅತ್ತೆ. ಕೇಳಿ, ಹೇಗೆ ಅಳ್ತಿದೆ.”

ಉಶಿ-ಓನಿ ಮೊಣಕಾಲುದ್ದದ ನೀರಿಗೆ ಬಂದಿತ್ತು. ಜೇಡನ ಕಾಲಿನಂಥ ಅದರ ಕಾಲುಗಳು ಕಲ್ಲಿನ ಮೇಲೆ ಕಟಕಟ ಎನ್ನುತ್ತಿದ್ದವು. ಫುಸಾ ಅತ್ತ ತಿರುಗಲಿಲ್ಲ. ಮರಳಿನಲ್ಲಿ ಕುಕ್ಕರಿಸಿ ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದಳು.

“ಇದು ನಮ್ಮ ಸೇಕಿಚಿ ಅಲ್ಲ ಕಣೇ.”

ಯೋನೆ ಪಿಳಿಪಿಳಿ ನೋಡಿದಳು. “ಯಾರು?”

“ಸೇಕಿಚಿ. ನಿನ್ನ ಮಗ. ಹೆಸರಿಲ್ದೇ ಹೇಗೆ ಕಳಿಸ್ಲಿ ಮಗೂನ? ಮಣ್ಣು ಮುಚ್ಚೋ ಮೊದ್ಲು ನಾನೇ ಕೂಗಿ ಹೇಳ್ದೆ. ನನ್ನ ಹತ್ತಿ ತುಂಬಿದ ಅಂಗಿ ಹೊದಿಸಿ ಮಲಗಿಸಿದೀನಿ. ಅವನು ಬೆಚ್ಚಗಿದಾನೆ ಯೋನೆ. ಇದನ್ನ ಬಿಡು.”

ಯೋನೆಯ ಹೊಟ್ಟೆಯಾಳದಿಂದ ಒಂದು ಕೂಗು ಎದ್ದುಬಂತು. ಮಗು ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅಳುತ್ತಳುತ್ತಲೇ ಬೆರಳುಗಳು ಒಂದೊಂದಾಗಿ ಸಡಿಲಿದವು. ಕಲ್ಲು ದೊಪ್ಪನೆ ಮರಳಿಗೆ ಬಿತ್ತು. ಅದರ ಮೇಲೆ ಅವಳ ಅಂಗೈಯ ಚರ್ಮ ಉಳಿಯಿತು. ಫುಸಾ ಅವಳನ್ನು ಎಳೆದುಕೊಂಡು ಓಡಿದಳು. ಬೆನ್ನ ಹಿಂದೆ ಕಟಕಟ ಸದ್ದು ಮರಳಿನ ಅಂಚಿನವರೆಗೂ ಬಂದು ನಿಂತಿತು.

ಗುಡ್ಡದ ನೆತ್ತಿಯಲ್ಲಿ ಇಬ್ಬರೂ ಕುಸಿದು ಕೂತರು. ಫುಸಾ ತಲೆಯ ವಸ್ತ್ರವನ್ನು ಹರಿದು ಸೊಸೆಯ ಅಂಗೈಗಳಿಗೆ ಸುತ್ತಿದಳು. ಕೆಳಗೆ ದಂಡೆ ಬರಿದಾಗಿತ್ತು. ಹೊತ್ತು ಇಳಿಯುತ್ತಿತ್ತು.

ಆಗ ಪಕ್ಕದ ಕೊಲ್ಲಿಯಿಂದ ಕೂಸಿನ ಅಳು ಕೇಳಿಸಿತು. ಅಲ್ಲಿ ಪಾಚಿ ಕೆರೆಯಲು ಬಂದಿದ್ದ ಯಾರೋ ಒಂಟಿ ಹೆಂಗಸು ಬುಟ್ಟಿಯನ್ನು ಕೆಳಗಿಟ್ಟು ನೀರಿನ ಕಡೆಗೆ ಹೆಜ್ಜೆ ಹಾಕುತ್ತಿದ್ದಳು. ಫುಸಾ ಗಂಟಲು ಹರಿಯುವಂತೆ ಕೂಗಿದಳು. ಕಡಲಗಾಳಿ ಆ ಕೂಗನ್ನು ಅವಳ ಬಾಯಿಗೇ ತುರುಕಿತು.

ಯೋನೆ ಎದ್ದು ಇಳಿಜಾರಿನ ಕಡೆಗೆ ನಡೆದಳು.

“ಎಲ್ಲಿಗೇ? ಹುಚ್ಚು ಹಿಡೀತಾ ನಿಂಗೆ?” ಫುಸಾ ಅವಳ ತೋಳು ಹಿಡಿದಳು.

ಯೋನೆ ಮೆಲ್ಲಗೆ ಕೊಸರಿಕೊಂಡಳು.

“ಅವಳ ಜೊತೆ ಅತ್ತೆ ಬಂದಿಲ್ಲ.”