ಕೈಲಿ ಹಿಡಿಯುವ ಹೂ

ಧಾರೆಯ ಹೊತ್ತಿಗೆ ಸೋದರತ್ತೆಯು "ಗಂಡ ಸತ್ತೋಳು ಮುಂದೆ ಬರಬಾರ್ದು" ಎಂದು ಮದುಮಗ ಶಿವಲಿಂಗುವಿನ ತಾಯಿಯನ್ನು ಮಂಟಪದಿಂದ ಇಳಿಸಿದ್ದಳು. ಅವನು ತಲೆ ತಗ್ಗಿಸಿ ಧಾರೆಗೆ ಕೈಯೊಡ್ಡಿದ್ದ. ಮರುದಿನ ಛತ್ರದ ಬೀಗರೂಟಕ್ಕೆ ತಾಯಿ ಬಾರದೆ ಮನೆಯಲ್ಲೇ ಉಳಿದಳು. ಅವನು ಎಲೆ ಬಿಟ್ಟೆದ್ದು ಹೂವಿನಂಗಡಿಗೆ ಫೋನು ಮಾಡಿದ.

"ರೇವಮ್ಮ, ನಮ್ಮವ್ವನಿಗೊಂದು ಬೊಕೆ ಕಳಿಸು."

"ಒಳ್ಳೆ ಮಲ್ಲಿಗೆನೂ ಅದೆ ಕಣಪ್ಪ."

"ಬ್ಯಾಡ, ಅವ್ವ ಮುಡಿಯಂಗಿಲ್ಲ. ಕೈಲಿ ಹಿಡಿಯೋ ಹೂವಾದ್ರೆ ಯಾರೂ ಏನೂ ಅನ್ನಲ್ಲ."

"ನೀನೇ ಹೋಗಿ ಕೊಡಬಾರ್ದಾ?"

"ನಾನು ಛತ್ರ ಬಿಟ್ಟು ಹೋಗೋದು ಸೋದರತ್ತೆ ನೋಡಿದ್ರೆ ರಂಪ ಮಾಡ್ತಾಳೆ," ಅವನ ದನಿ ತಗ್ಗಿತು.

ಸ್ವಲ್ಪ ಹೊತ್ತಿಗೆ ಬೊಕೆ ಒಯ್ದವನ ಫೋನು ಬಂತು.

"ಅಣ್ಣಾ, ಅವ್ವ ಬೊಕೆಯಿಂದ ಒಂದು ಗುಲಾಬಿ ಕಿತ್ತು ಮುಡ್ಕಂಡು, ನನ್ನ ಗಾಡೀಲೇ ಬಂದು ಛತ್ರದ ಬಾಗ್ಲಲ್ಲಿ ನಿಂತವ್ರೆ. ಒಳಕ್ಕೆ ಕರ್ಕಂಡೋಗಕ್ಕೆ ನೀವೇ ಬರಬೇಕಂತೆ."