ವೋದ್ರೆಲ್ ಕಾರಿನ ಸದ್ದು

"ಹೆಸರು ಕೊಡೋದರ ಬಗ್ಗೆ ಆಮೇಲೆ ಹೇಳ್ತೀನಿ. ಮೊದಲು ಕಾರಿನ ಸದ್ದು ಕೇಳಿಸಿ," ಎಂದು ಪರದೆಯ ಮೇಲಿದ್ದ ಅಜ್ಜಿ ಮುರುಕು ಇಂಗ್ಲಿಷಿನಲ್ಲಿ ಅಂದಾಗ ವ್ಯಾಸರಾಜನ ಮುಖದ ನಗು ಅರ್ಧಕ್ಕೇ ನಿಂತಿತು.

ಸ್ಯಾನ್ ಹೊಸೆಯ ಆಫೀಸಿನಲ್ಲಿ ಇನ್ನೂ ಬೆಳಗಿನ ಕಾಫಿಯ ಹೊತ್ತು. ಅತ್ತ ಫ್ರಾನ್ಸಿನ ಸಣ್ಣ ಊರೊಂದರ ಅಡುಗೆಮನೆಯಲ್ಲಿ ಸೊಲಾಂಜ್ ವೋದ್ರೆಲ್ ಆಗಲೇ ದೀಪ ಹಾಕಿಕೊಂಡು ಕೂತಿದ್ದರು. ಆ ಮನೆಯ ಹಿಂದಿನ ಶೆಡ್ಡಿನಲ್ಲೇ ಅವರಪ್ಪ ಹತ್ತಾರು ಜನರನ್ನು ಕಟ್ಟಿಕೊಂಡು ವೋದ್ರೆಲ್ ಎಂಬ ಸ್ಪೋರ್ಟ್ಸ್ ಕಾರು ಮಾಡುತ್ತಿದ್ದದ್ದು. ಇಂಜಿನ್ನು ಒಬ್ಬರದು, ದೀಪ ಇನ್ನೊಬ್ಬರದು, ಫೈಬರಿನ ಮೈ ಮಾತ್ರ ಸ್ವಂತದ್ದು. ಎಪ್ಪತ್ತರ ದಶಕದಲ್ಲಿ ಪೆಟ್ರೋಲು ದುಬಾರಿಯಾಯಿತು, ಶೆಡ್ಡಿಗೆ ಬೀಗ ಬಿತ್ತು. ಈಗ ವ್ಯಾಸರಾಜನಿಗೆ ತನ್ನ ಕಂಪನಿಯ ಹೊಸ ಎಲೆಕ್ಟ್ರಿಕ್ ಕಾರಿಗೆ ಆ ಹೆಸರೇ ಬೇಕು. ಹಳೆಯ ವೋದ್ರೆಲ್ ಕಾರೊಂದನ್ನು ಆಗಲೇ ಕೊಂಡು ಇಟ್ಟಿದ್ದಾನೆ. ಮಗಳು ಹೂಂ ಅನ್ನಬೇಕು, ಅಷ್ಟೇ.

ಅವನು ಗಡಿಬಿಡಿಯಲ್ಲಿ ಮೈಕು ಆಫ್ ಮಾಡಿ, ಮೆಕ್ಯಾನಿಕ್ ಸಾಗರನತ್ತ ತಿರುಗಿದ. "ಹೋಗೋ, ಹಳೇ ಗಾಡಿ ಸ್ಟಾರ್ಟ್ ಮಾಡು. ಒಂದ್ಸಲ ಗುರ್ ಅನ್ಸು, ಸಾಕು."

"ಯಾವ್ದ್ರಿಂದ ಗುರ್ ಅನ್ಸ್ಲಿ ಸಾ? ಇಂಜಿನ್ ಕೀಳ್ಸಿ ಲಾಬಿ ಗೋಡೆಗೆ ನೇತಾಕ್ಸಿದ್ದೀರಲ್ಲ!"

ಸಾಗರನ ಹೊಟ್ಟೆ ಇನ್ನೂ ಉರಿಯುತ್ತಿತ್ತು. ಸತ್ತು ಬಿದ್ದಿದ್ದ ಆ ಕಾರಿಗೆ ಇಡೀ ಚಳಿಗಾಲ ಕೂತು ಜೀವ ತುಂಬಿದವನು ಅವನು. ಮೊದಲ ಸಲ ಪಕ್ಕದ ಕ್ಯಾಂಪ್‌ಬೆಲ್ ಪೇಟೆಯಲ್ಲಿ ಓಡಿಸಿದಾಗ ಹೋಟೆಲಿನೊಳಗೆ ಕೂತವರೆಲ್ಲ ಕೈ ತೊಳೆಯದೆ ಎದ್ದು ಬಂದಿದ್ದರು. ಅಂಥ ಕಾರು ಲಾಬಿಯ ನೆಲದ ಮೇಲೆ ನಾಲ್ಕು ಹನಿ ಆಯಿಲ್ ಬಿಟ್ಟಿತೆಂದು ಅದರ ಕರುಳನ್ನೇ ತೆಗೆಸುವುದೇ?

"ಇನ್ನೂ ಅದನ್ನೇ ಹಿಡ್ಕೊಂಡಿದೀಯಲ್ಲೋ ಮಾರಾಯ. ಈಯಮ್ಮ ಒಲ್ಲೆ ಅಂದ್ರೆ ನಂಗೂ ಆ ಕಾರು ಬೇಡ, ನೀನೇ ತಗೊಂಡು ಮೆರಿ. ಈಗ ರೆಕಾರ್ಡಿಂಗ್ ಹಾಕು."

ಇಂಜಿನ್ ತೆಗೆಯುವ ಹಿಂದಿನ ದಿನ ಸಾಗರ ಸೀಟಿನ ಪಕ್ಕ ಮೈಕು ಕಟ್ಟಿಕೊಂಡು, ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸಿ ಸದ್ದನ್ನು ಹಿಡಿದಿಟ್ಟಿದ್ದ. ಹೊಸ ಕಾರುಗಳು ಮೂಗರಂತೆ ಓಡುತ್ತವಲ್ಲ, ಅವುಗಳೊಳಗೆ ಸ್ಪೀಕರಿನಿಂದ ಇದನ್ನೇ ಕೇಳಿಸುವುದೆಂದು ತೀರ್ಮಾನವಾಗಿತ್ತು. ಸಾಗರ ಲ್ಯಾಪ್‌ಟಾಪು ತೆರೆದು ಅದನ್ನು ಹಾಕಿದ.

ಸೊಲಾಂಜ್ ಕಣ್ಣು ಮುಚ್ಚಿ ಕೇಳಿದರು. ಏರು ಬಂತು, ತಿರುವು ಬಂತು. ಇದ್ದಕ್ಕಿದ್ದಂತೆ ಅವರಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

"ಟಕ ಟಕ ಅಂತಿದೆಯಲ್ಲ, ಅದು ಎಡಗಡೆ ಬಾಗಿಲು! ಅಪ್ಪ ಊಟಕ್ಕೆ ಕೂತರೂ ಅದರದೇ ಮಾತು. ರಬ್ಬರು ಬದಲಾಯಿಸಿದರು, ಕೀಲು ಬದಲಾಯಿಸಿದರು, ಅಮ್ಮನ ಕಂಬಳಿ ಹರಿದು ತುರುಕಿದರು. ನಿಲ್ಲಲೇ ಇಲ್ಲ. ಪೇಪರಿನವನೊಬ್ಬ ಬರೆದ: ಕಾರು ಚೆನ್ನಾಗಿದೆ, ಬಾಗಿಲು ಮಾತ್ರ ಬಾಯಿಬಡುಕ ಅಂತ. ಅವತ್ತು ಅಪ್ಪ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ."

ವ್ಯಾಸರಾಜ ಮತ್ತೆ ಮೈಕು ಆಫ್ ಮಾಡಿದ. ಕಿವಿಯವರೆಗೂ ಕೆಂಪಾಗಿದ್ದ. "ಬಾಗಿಲೇನೋ ಅದು? ಇನ್ವೆಸ್ಟರ್‌ಗಳಿಗೆಲ್ಲ ಇಂಜಿನ್ ಹಾರ್ಟ್‌ಬೀಟು ಅಂತ ಕೇಳ್ಸಿದೀನಲ್ಲೋ ನಾನು!"

"ನಾನೂ ಇಂಜಿನ್ದೇ ಅನ್ಕೊಂಡಿದ್ದೆ ಸಾ. ಅದುನ್ನ ನಿಲ್ಸಕ್ಕೆ ಎರಡ್ ಸಲ ಇಂಜಿನ್ ಬಿಚ್ಚಿದೀನಿ."

"ಮೊದ್ಲು ತೆಗಿ ಅದನ್ನ."

"ಆಯಮ್ಮ ಬೇಡ ಅಂದ್ರಾ? ನಗ್ತಾ ಅವ್ರೆ. ಸುಮ್ನಿರಿ ಸಾ."

"ತೆಗಿ ಅಂದೆ!" ಎಂದವನೇ ಮೈಕು ಆನ್ ಮಾಡಿ, ಇಂಗ್ಲಿಷಿನಲ್ಲಿ ಜೇನು ಸುರಿಸಿದ. ನಿಮ್ಮ ತಂದೆಯವರ ಆಸೆಯನ್ನು ಈಗಲೇ, ನಿಮ್ಮೆದುರಿಗೇ ಈಡೇರಿಸುತ್ತೇವೆ ಮೇಡಂ ಅಂದ.

ಸಾಗರ ಹಲ್ಲು ಕಚ್ಚಿಕೊಂಡು ಆ ಟಕಟಕವನ್ನು ಹುಡುಕಿ ಗುರುತು ಹಾಕಿದ, ಒಂದು ಗುಂಡಿ ಒತ್ತಿದ. ಮುಗಿಯಿತು. ಶೆಡ್ಡಿಗೆ ಬೀಗ ಬೀಳುವವರೆಗೂ ಒಬ್ಬ ಮನುಷ್ಯನ ನಿದ್ದೆ ಕೆಡಿಸಿದ್ದು ಚಿಟಿಕೆ ಹೊಡೆಯುವಷ್ಟರಲ್ಲಿ ಇಲ್ಲವಾಯಿತು.

ಮತ್ತೆ ಹಾಕಿದ. ಈಗ ಇಂಜಿನ್ನು ತುಂಬುಗಂಟಲಲ್ಲಿ, ಒಂದು ಅಪಸ್ವರವಿಲ್ಲದೆ ಮೊರೆಯಿತು. ವ್ಯಾಸರಾಜ ಹೇಗಿದೆ ಎಂಬಂತೆ ಹುಬ್ಬು ಹಾರಿಸಿದ.

ಸೊಲಾಂಜ್ ಪರದೆಗೆ ಕಿವಿ ತಂದರು. ಏರು ಬಂತು, ತಿರುವು ಬಂತು. ಬರುತ್ತೇನೆಂದವರು ಬಾರದಿದ್ದಾಗ ಬೀದಿಯ ಕೊನೆಯನ್ನೇ ನೋಡುವವರ ಹಾಗೆ ಅವರು ಕಾದೇ ಕೂತಿದ್ದರು. ಸದ್ದು ನಿಂತಿತು.

"ಚೆನ್ನಾಗಿದೆ," ಅಂದರು. ಆಮೇಲೆ ತೀರಾ ಮರ್ಯಾದೆಯಿಂದಲೇ ಕೇಳಿದರು: "ಇದು ಯಾರ ಕಾರು?"